ಶಿಲುಬೆಯೂ ಬೇಡವೆಂದ ವರ್ಷ

ಹೋದ ತಿಂಗಳು ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಕಿಟಕಿಗಳಿಗೆ ಬಳಿಯುತ್ತಿದ್ದ ದಿನ ಟರ್ಪೆಂಟೈನ್ ವಾಸನೆ ಅಡುಗೆಮನೆಯವರೆಗೂ ಹಬ್ಬಿತ್ತು. ನಮ್ಮೆಜಮಾನರು ತಲೆನೋವು ಬಂತೆಂದು ಪೇಪರ್ ಹಿಡಿದು ಹೊರಗೆ ಹೋಗಿ ಕುಳಿತರು. ನಾನು ಮಾತ್ರ ಆ ವಾಸನೆಯಲ್ಲೇ ನಿಂತುಬಿಟ್ಟೆ. ಭದ್ರಾವತಿಯಲ್ಲಿ ನಾನು ಕೆಲಸ ಮಾಡಿದ ಸರ್ಕಾರಿ ಹೈಸ್ಕೂಲು, ಅದರ ಹೊಸ ಸಭಾಂಗಣ, ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆ, ಎಲ್ಲ ಒಟ್ಟಿಗೇ ನೆನಪಾದವು.

ಆ ವರ್ಷ ನಾನು ಅಲ್ಲಿ ಪ್ರಭಾರ ಮುಖ್ಯ ಶಿಕ್ಷಕಿ. ವಿಜ್ಞಾನ ಕಲಿಸುವವಳು ನಾನು, ಆಡಳಿತ ನನ್ನ ಕೆಲಸವಲ್ಲ. ಆದರೆ ಬೇಸಿಗೆ ರಜೆಯಲ್ಲಿ ನಮ್ಮ ಹೆಡ್‌ಮಾಸ್ಟರು ನಿವೃತ್ತರಾದರು. ಹೊಸಬರು ಬರುವವರೆಗೆ ನೀವೇ ನೋಡಿಕೊಳ್ಳಿ ಎಂದು ಹಿರಿತನದ ಲೆಕ್ಕದಲ್ಲಿ ಕುರ್ಚಿ ನನಗೆ ಬಂತು. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹಿಡಿದು ಹೋಗಿ ಸಂಜೆ ವಾಪಸಾಗುತ್ತಿದ್ದೆ. ಬೇಸರವೆನಿಸುತ್ತಿರಲಿಲ್ಲ. ಭದ್ರಾವತಿ ನನ್ನ ಹುಟ್ಟೂರು. ನಮ್ಮಪ್ಪ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕೆಲಸ ಮಾಡಿದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯ ಅತ್ತೆಯಿಂದ ಕಲಿತ ತೆಲುಗು. ಮೂರರಲ್ಲೂ ಜಗಳ ಆಡಬಲ್ಲೆವು ನಾವು. ಅಪ್ಪ ತೀರಿಕೊಂಡ ಮೇಲೂ ಅಮ್ಮ ಶಿವಮೊಗ್ಗಕ್ಕೆ ಬರಲು ಒಪ್ಪದೆ ನನ್ನ ತಮ್ಮನ ಸಂಸಾರದ ಜೊತೆ ಅಲ್ಲೇ ಇದ್ದಳು. ಭಾನುವಾರ ನಾನೂ ಅಲ್ಲಿಗೇ ಹೋಗಿ, ಬಾಲ್ಯದಿಂದ ಹೋಗುತ್ತಿದ್ದ ಚರ್ಚಿನಲ್ಲೇ ಆರಾಧನೆ ಮುಗಿಸಿ, ಅಮ್ಮನ ಕೈಯ ಮೀನುಸಾರು ಉಂಡು ಬರುತ್ತಿದ್ದೆ.

ನಮ್ಮ ಶಾಲೆಯ ಮಕ್ಕಳೆಂದರೆ ಆಟೋ ಓಡಿಸುವವರ, ಅಡಿಕೆ ಸುಲಿಯಲು ಹೋಗುವವರ, ಗಾರೆ ಕೆಲಸದವರ ಮಕ್ಕಳು. ಮಳೆ ಬಂದರೆ ಬೆಳಗಿನ ಪ್ರಾರ್ಥನೆಗೆ ನಿಲ್ಲಲು ಜಾಗವಿರಲಿಲ್ಲ. ಅದನ್ನು ನೋಡಿ ಹಳೆಯ ವಿದ್ಯಾರ್ಥಿಗಳ ಸಂಘದವರು ಒಂದು ದೊಡ್ಡ ಸಭಾಂಗಣ ಕಟ್ಟಿಸಿಕೊಟ್ಟರು. ಸಂಘದ ಅಧ್ಯಕ್ಷರು ರುದ್ರಪ್ಪನವರು. ಊರಲ್ಲಿ ಅಡಿಕೆ ಮಂಡಿ ಇಟ್ಟವರು, ಹಣೆ ತುಂಬ ವಿಭೂತಿ, ಜೋರು ದನಿ. ಕಟ್ಟಡದ ಕೆಲಸ ನಡೆಯುವಾಗ ದಿನಾ ಬಂದು ಗೋಡೆಗೆ ತಾವೇ ನೀರು ಹೊಡೆಯುತ್ತಿದ್ದರು. ಅಂಥ ಮನುಷ್ಯನ ಮೇಲೆ ನನಗೆ ಗೌರವವಿತ್ತು. ಈಗಲೂ ಇದೆ.

ಜೂನ್ ಕೊನೆಯಲ್ಲಿ ಒಂದು ಶನಿವಾರ ಅವರು ಆಫೀಸಿಗೆ ಬಂದು, "ಮೇಡಂ, ಮುಂದಿನ ಗೋಡೆ ಬೋಳು ಬೋಳಾಗಿ ಕಾಣುತ್ತೆ. ಒಂದೊಳ್ಳೆ ಚಿತ್ರ ಬರೆಸ್ತೀನಿ. ಆರ್ಟಿಸ್ಟ್‌ಗೆ ಹೇಳಾಯ್ತು," ಎಂದರು. ವಿಜ್ಞಾನಿಗಳದೋ ಕವಿಗಳದೋ ಚಿತ್ರವಿರಬೇಕು ಎಂದುಕೊಂಡು ನಾನು "ಬರೆಸಿ ಸಾರ್" ಎಂದೆ.

ಸೋಮವಾರ ಬೆಳಿಗ್ಗೆ ಮಳೆ. ಮಕ್ಕಳನ್ನೆಲ್ಲ ಮೊದಲ ಸಲ ಹೊಸ ಸಭಾಂಗಣದಲ್ಲಿ ನಿಲ್ಲಿಸಿದೆವು. ಸುಣ್ಣದ ವಾಸನೆ, ಬಣ್ಣದ ವಾಸನೆ, ಒದ್ದೆ ಯೂನಿಫಾರ್ಮಿನ ವಾಸನೆ. ತಲೆ ಎತ್ತಿ ನೋಡಿದರೆ ಮುಂದಿನ ಗೋಡೆಯ ತುಂಬ ಇದ್ದಿಲಿನಲ್ಲಿ ಗೆರೆ ಎಳೆದಾಗಿತ್ತು. ದೇಶದ ನಕ್ಷೆ, ಅದರೊಳಗೆ ಸಿಂಹದ ಪಕ್ಕ ನಿಂತ ದೇವಿ, ಕೈಯಲ್ಲಿ ಬಾವುಟ. ಬಾವುಟಕ್ಕೆ ಮಾತ್ರ ಆಗಲೇ ಬಣ್ಣ ತುಂಬಿದ್ದರು, ಕೇಸರಿ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: "ಈ ತಾಯಿಗೆ ಕೈಮುಗಿವವನೇ ಈ ಮಣ್ಣಿನ ಮಗ."

ಯಾರೂ ಏನೂ ಹೇಳಿರಲಿಲ್ಲ. ಮುಂದಿನ ಸಾಲಿನ ಇಬ್ಬರು ಹುಡುಗರು ಕೈ ಮುಗಿದರು, ಅವರನ್ನು ನೋಡಿ ಹಿಂದಿನವರು, ಹೀಗೆ ಇಡೀ ಸಭಾಂಗಣದಲ್ಲಿ ಕೈಗಳು ಜೋಡಿಕೊಂಡವು. ಒಂಬತ್ತನೇ ತರಗತಿಯ ನಸ್ರೀನ್ ಎಂಬ ಹುಡುಗಿ ಮಾತ್ರ ಎರಡೂ ಕೈ ಅರ್ಧ ಎತ್ತಿ ಹಾಗೇ ನಿಂತಿದ್ದಳು. ಅವಳು ಗೋಡೆಯನ್ನು ನೋಡುತ್ತಿರಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದಳು. ಟೀಚರ್ ಏನು ಮಾಡುತ್ತಾರೋ ನೋಡಿ ತಾನೂ ಮಾಡಿಬಿಡೋಣ ಎಂಬಂತೆ. ನನ್ನ ಕೈಗಳು ಸುಮ್ಮನೆ ಪಕ್ಕದಲ್ಲಿ ಇಳಿಬಿದ್ದಿದ್ದವು. ಅವಳು ನಿಧಾನವಾಗಿ ತನ್ನವನ್ನೂ ಇಳಿಸಿದಳು. ಪಕ್ಕದ ಹುಡುಗಿ ಅವಳನ್ನು ಒಂಥರಾ ನೋಡಿದಳು.

ಪ್ರಾರ್ಥನೆ ಮುಗಿದ ಮೇಲೆ ರುದ್ರಪ್ಪನವರಿಗೆ ಫೋನು ಮಾಡಿದೆ. ಮಧ್ಯಾಹ್ನ ಕೊಡೆ ಮಡಚುತ್ತಾ ನಗುನಗುತ್ತಲೇ ಬಂದರು.

"ಸಾರ್, ಈ ಚಿತ್ರ ಬೇಡ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಯಾಕೆ ಮೇಡಂ, ಮುಖ ಚೆನ್ನಾಗಿ ಬಂದಿಲ್ವಾ?"

"ಮುಖ ಚೆನ್ನಾಗೇ ಇದೆ. ಸರ್ಕಾರಿ ಶಾಲೆ ಸಾರ್. ಎಲ್ಲಾ ಮನೆ ಮಕ್ಕಳೂ ಬರ್ತಾರೆ. ಇದ್ರ ಮುಂದೆ ದಿನಾ ನಿಲ್ಲಿಸಿದ್ರೆ ಕೆಲವರಿಗೆ ಕಷ್ಟ ಆಗುತ್ತೆ."

"ನಿಮ್ಮ ಆಫೀಸಲ್ಲೇ ಸರಸ್ವತಿ ಫೋಟೋ ಇದ್ಯಲ್ಲ. ಅದಕ್ಕೆ ನೀವು ಒಂದಿನಾನೂ ಏನೂ ಅಂದಿಲ್ಲ."

ನಿಜವೇ. ಆ ಫೋಟೋ ನಾನು ಬರುವ ಮೊದಲಿನಿಂದ ಇತ್ತು. ಜವಾನ ಶುಕ್ರವಾರ ಹೂವು ಹಾಕುತ್ತಿದ್ದ. "ಅದ್ರ ಮುಂದೆ ಯಾರನ್ನೂ ಸಾಲಾಗಿ ನಿಲ್ಸಲ್ಲ ಸಾರ್. ಕೈ ಮುಗೀದೆ ಇದ್ರೆ ನೀನು ಈ ಊರವನಲ್ಲ ಅಂತ ಅದ್ರ ಕೆಳಗೆ ಬರೆದೂ ಇಲ್ಲ," ಎಂದೆ.

ಅವರು ಕೊಡೆಯನ್ನು ಗೋಡೆಗೆ ಒರಗಿಸಿದರು. ಆ ಸಾಲು ಅವರದಲ್ಲವಂತೆ, ಊರಿನ ಕೆಲವು ಹುಡುಗರು ಹೇಳಿ ಬರೆಸಿದ್ದಂತೆ. ಆಮೇಲೆ ಏನೋ ಹೊಳೆದವರಂತೆ ಮುಖ ಅರಳಿಸಿ, "ಅಷ್ಟೇ ತಾನೆ? ಈ ಮೂಲೇಲಿ ನಿಮ್ಮ ಶಿಲುಬೆ ಹಾಕ್ಸೋಣ, ಆ ಮೂಲೇಲಿ ಸಾಬ್ರ ಚಂದ್ರ. ಎಲ್ಲಾರ್ದೂ ಆಯ್ತು. ನಂಗೆ ಭೇದ ಇಲ್ಲ ಮೇಡಂ," ಎಂದರು.

"ಶಿಲುಬೆನೂ ಬೇಡ ಸಾರ್."

"ನಿಮ್ಮ ದೇವ್ರನ್ನೇ ಬೇಡ ಅಂತೀರಾ?"

"ದೇವ್ರು ಬೇಕು. ಇಲ್ಲಿ ಗೋಡೆ ಮೇಲೆ ಬೇಡ. ನಿಮ್ಮ ಮೊಮ್ಮಗಳು ಈ ಶಾಲೇಲಿ ಓದ್ತಿದ್ದಾಳೆ ಅಂದ್ಕೊಳ್ಳಿ. ದಿನಾ ಬೆಳಿಗ್ಗೆ ಶಿಲುಬೆ ಮುಂದೆ ನಿಲ್ಬೇಕು ಅಂದ್ರೆ ನಿಮ್ಮ ಮನೇಲಿ ಒಪ್ತಾರಾ?"

"ಅದು ಬೇರೆ ವಿಷ್ಯ," ಎಂದರು ರುದ್ರಪ್ಪ.

"ಅದೇ ವಿಷ್ಯ ಸಾರ್."

ಅವರು ಟೀ ಕುಡಿಯದೆ ಎದ್ದುಹೋದರು. ಆದರೂ ಕೆಲಸ ನಿಲ್ಲಿಸಲು ಕಲಾವಿದನಿಗೆ ಹೇಳಿದರು. ಆಗಸ್ಟಿನಲ್ಲಿ ಪೋಷಕರ ಸಭೆ ಕರೆದು ತೀರ್ಮಾನ ಮಾಡೋಣ ಎಂದರು. ಇದ್ದಿಲಿನ ದೇವಿ ಬಣ್ಣವಿಲ್ಲದೆ ಹಾಗೇ ನಿಂತಳು. ನಾನು ಅದರ ಮೇಲೆ ಒಂದು ದೊಡ್ಡ ಬಟ್ಟೆ ಇಳಿಬಿಡಿಸಿದೆ.

ಆ ಭಾನುವಾರ ಚರ್ಚಿನ ಬಾಗಿಲಲ್ಲೇ ಸಾಮುವೇಲಣ್ಣ ನನ್ನನ್ನು ಹಿಡಿದು ನಿಲ್ಲಿಸಿದರು. ಅವರು ಚರ್ಚಿನ ಹಿರಿಯರು, ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ನಮ್ಮಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಅವರೂ ನಮ್ಮ ಶಾಲೆಯಲ್ಲೇ ಓದಿದ್ದು, ಅದೂ ರುದ್ರಪ್ಪನವರ ಜೊತೆ ಒಂದೇ ತರಗತಿಯಲ್ಲಿ. ಹಾಗಾಗಿ ಸುದ್ದಿ ನನಗಿಂತ ಮುಂಚೆಯೇ ಬಂದಿತ್ತು.

"ಏನಮ್ಮಾ ಸ್ಟೆಲ್ಲಾ, ರುದ್ರ ಅವನಾಗೇ ಜಾಗ ಕೊಡ್ತೀನಿ ಅಂದ್ರೆ ಬೇಡ ಅಂದ್ಯಂತೆ?"

"ಹೌದಣ್ಣ."

"ನಿಂಗೆ ತಲೆ ಕೆಟ್ಟಿದ್ಯಾ? ನಾವೆಲ್ಲಾ ಹೇಗೆ ಬದುಕ್ತಿದ್ದೀವಿ ಗೊತ್ತಲ್ಲ. ಹೋದ ತಿಂಗಳು ಪಕ್ಕದ ಹಳ್ಳೀಲಿ ಮನೇಲಿ ಕೂತು ಪ್ರಾರ್ಥನೆ ಮಾಡ್ತಿದ್ದೋರನ್ನ ಬಂದು ಎಬ್ಬಿಸಿದ್ರು. ಹೆಂಗಸ್ರು ಅಂತಾನೂ ನೋಡ್ಲಿಲ್ಲ. ಸರ್ಕಾರಿ ಗೋಡೆ ಮೇಲೆ ನಮ್ಮ ಶಿಲುಬೆ ಬಂದ್ರೆ ನಾಳೆ ನಮ್ಮನ್ನ ಮುಟ್ಟೋಕೆ ಯೋಚ್ನೆ ಮಾಡ್ತಾರೆ."

ಅವರ ಭಯ ಸುಳ್ಳಿನದಲ್ಲ. ನನಗೂ ಅದೇ ಭಯವಿತ್ತು. ಆದರೂ ಹೇಳಿದೆ, "ಅವರದು ಗೋಡೆ ತುಂಬ, ನಮ್ದು ಮೂಲೇಲಿ ಅಂಗೈಯಷ್ಟು. ನಾವೇ ಒಪ್ಕೊಂಡು ಮೂಲೆಗೆ ಹೋದ ಹಾಗಾಗುತ್ತೆ ಅಣ್ಣ."

"ಹಾಗಾದ್ರೆ ಮಧ್ಯದಲ್ಲೇ ಹಾಕ್ತೀನಿ ಅಂದಿದ್ರೆ ಒಪ್ತಿದ್ಯಾ?"

"ಆಗ ಇನ್ನೂ ಜೋರಾಗಿ ಬೇಡ ಅಂತಿದ್ದೆ."

"ಯಾಕೆ?"

"ಬೇರೆ ದಾರಿ ಇಲ್ಲ ಅಂತ ಕೈ ಮುಗಿಯೋ ಮಗು ನಮ್ಮ ಸ್ವಾಮಿಗೆ ಯಾಕಣ್ಣ ಬೇಕು? ಆತ ಯಾರನ್ನಾದ್ರೂ ಬಲವಂತವಾಗಿ ಮುಂದೆ ನಿಲ್ಲಿಸ್ಕೊಂಡಿದ್ದಾನಾ?"

ಸಾಮುವೇಲಣ್ಣ ಕೈ ಬೀಸಿ ಒಳಗೆ ಹೋದರು. ಮುಂದಿನ ಭಾನುವಾರದಿಂದ, ನಾನು ಪಾಠ ಮಾಡುತ್ತಿದ್ದ ಸಂಡೇ ಸ್ಕೂಲಿನ ಮಕ್ಕಳಿಗೆ ಬೇರೊಬ್ಬರನ್ನು ಹಾಕಿದ್ದರು. ನಾನು ಕೂರುವ ಬೆಂಚಿನಲ್ಲಿ ನಾನೂ ಅಮ್ಮನೂ ಇಬ್ಬರೇ. ಪಾಸ್ಟರ್ ಮಾತ್ರ ಎಂದಿನಂತೆ ಕೈ ಕುಲುಕಿದರು, ಆದರೆ ಏನೂ ಹೇಳಲಿಲ್ಲ. ಅದು ನನ್ನನ್ನು ನೋಯಿಸಿದಷ್ಟು ಬೇರೇನೂ ನೋಯಿಸಲಿಲ್ಲ.

ಊಟಕ್ಕೆ ಕುಳಿತಾಗ ಅಮ್ಮನನ್ನು ಕೇಳಿದೆ, "ನೀನೂ ನನ್ನದೇ ತಪ್ಪು ಅಂತೀಯಾ?"

ಅಮ್ಮ ಮೀನಿನ ಮುಳ್ಳು ತೆಗೆಯುತ್ತಾ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು. "ನಿಮ್ಮಪ್ಪಾ ಕೆಲಸಾ ಮಾಡೋವಾಗ ಆಯುಧ ಪೂಜೆ ದಿನ ಎಲ್ಲಾರೂ ಸೇರ್ತಿದ್ರು. ಫೋರ್‌ಮನ್ ತಟ್ಟೆ ಹಿಡ್ಕೊಂಡು ಬರೋರು. ಎಲ್ಲಾರ್ಗೂ ಕುಂಕುಮ ಇಡೋರು. ಅಪ್ಪಾ ಹತ್ರ ಬಂದಾಗ ಕುಂಕುಮ ಬಿಟ್ಟು, ಕೈಗೆ ಎರಡು ಪೇಡ ಜಾಸ್ತಿ ಇಡೋರು. ಯಾರೂ ಹೇಳಿಕೊಟ್ಟಿಲ್ಲ ಅವ್ರಿಗೆ. ಅವ್ರಾಗೇ ತಿಳ್ಕೊಂಡ್ರು. ಅಪ್ಪಾ ಆ ಪೇಡ ತಂದು ನಿಂಗೇ ಕೊಡೋರು, ಗ್ಯಾಪಕಾ ಇದ್ಯಾ?"

ಜ್ಞಾಪಕವಿತ್ತು. ಕಾಗದದಲ್ಲಿ ಸುತ್ತಿ, ಬೆವರಿಗೆ ಸ್ವಲ್ಪ ಮೆತ್ತಗಾದ ಪೇಡ.

"ಆವಾಗ ಹಾಂಗೆ ಇತ್ತು," ಎಂದಳು ಅಮ್ಮ. "ನೀನು ಕೇಳ್ತಿರೋದೂ ಅಷ್ಟೇ ತಾನೆ. ತಿನ್ನು, ಆರಿ ಹೋಗ್ತದೆ."

ಜುಲೈನಲ್ಲಿ ಮಳೆ ಹೆಚ್ಚಾಯಿತು. ಭದ್ರೆ ತುಂಬಿ ಊರ ನಡುವಿನ ಸೇತುವೆಯ ಮೇಲೆ ನೀರು ಹರಿಯತೊಡಗಿತು. ನಾವು ಎತ್ತರದ ಹಳೆಯ ಸೇತುವೆಯ ಕಡೆಯಿಂದ ಸುತ್ತಿ ಬರುತ್ತಿದ್ದೆವು. ಅದೇ ವಾರ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡಿತು: ಸರ್ಕಾರಿ ಶಾಲೆಯ ಕ್ರೈಸ್ತ ಟೀಚರ್ ದೇವಿಯ ಚಿತ್ರ ಅಳಿಸಿ ಅಲ್ಲಿ ಶಿಲುಬೆ ಹಾಕಿಸಲು ಹೊರಟಿದ್ದಾಳೆ, ಎಚ್ಚರ. ಜೊತೆಗೆ, ಬಟ್ಟೆ ಮುಚ್ಚಿದ ಗೋಡೆಯ ಫೋಟೋ.

ಮರುದಿನ ಗೇಟಿನ ಬಳಿ ಏಳೆಂಟು ಹುಡುಗರು ನಿಂತಿದ್ದರು. ಕೆಲವರು ನನ್ನ ಕೈಯಲ್ಲೇ ಓದಿದವರು. ಒಬ್ಬ, "ಟೀಚರ್, ನಿಮಗೆ ಈ ದೇಶ ಬೇಕೋ ಬೇಡ್ವೋ ಹೇಳಿಬಿಡಿ," ಎಂದ. ಅವನು ಹತ್ತನೇ ತರಗತಿಯಲ್ಲಿ ವಿಜ್ಞಾನ ಪಾಸಾಗಲು ಸಂಜೆಯೆಲ್ಲ ಕೂರಿಸಿಕೊಂಡು ಹೇಳಿಕೊಟ್ಟವಳು ನಾನು. ಅವನಿಗೂ ಅದು ನೆನಪಾಯಿತೇನೋ, ಕೇಳಿದವನೇ ಮುಖ ತಿರುಗಿಸಿದ. ನಾನು, "ಮಳೇಲಿ ನೆನೀಬೇಡಿ, ಒಳಗೆ ಬಂದು ಕೂತು ಮಾತಾಡಿ," ಎಂದೆ. ಯಾರೂ ಬರಲಿಲ್ಲ. ನಾನು ಒಳಗೆ ಹೋಗಿ ಮೊದಲ ಪೀರಿಯಡ್ಡಿನ ಗಂಟೆ ಹೊಡೆಸಿದೆ.

ಮೇಲಧಿಕಾರಿಗಳ ಫೋನು ಬಂತು. "ಯಾಕಮ್ಮಾ ಇದೆಲ್ಲ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಗಲಾಟೆ ಆದ್ರೆ ನಿಮ್ಮನ್ನ ಬೇರೆ ಕಡೆ ಹಾಕ್ಬೇಕಾಗುತ್ತೆ." ಕನ್ನಡ ಕಲಿಸುವ ಗಾಯತ್ರಿ, ನನ್ನ ಗೆಳತಿ, ಸ್ಟಾಫ್ ರೂಮಿನಲ್ಲಿ ತನ್ನ ಡಬ್ಬಿಯ ಚಿತ್ರಾನ್ನ ನನ್ನ ಮುಂದಿಟ್ಟು, "ಸುಮ್ನೆ ಬಿಟ್ಬಿಡು ಮಾರಾಯ್ತಿ. ಒಂದು ಗೋಡೆಗೋಸ್ಕರ ಯಾಕಿಷ್ಟು ಕಷ್ಟ?" ಎಂದಳು. ನಾನು ನಸ್ರೀನಳ ಅರ್ಧ ಎತ್ತಿದ ಕೈಗಳ ಬಗ್ಗೆ ಹೇಳಿದೆ. ಗಾಯತ್ರಿ ಡಬ್ಬಿಯನ್ನು ಇನ್ನಷ್ಟು ನನ್ನ ಕಡೆ ಸರಿಸಿದಳು. ಆಮೇಲೆ, "ಸಭೆ ದಿನ ನಿನ್ನ ಪಕ್ಕ ಕೂರ್ತೀನಿ ಬಿಡು," ಎಂದಳು.

ಪೋಷಕರ ಸಭೆಯ ದಿನವೂ ಮಳೆ ನಿಲ್ಲಲಿಲ್ಲ. ಆದರೂ ಸಭಾಂಗಣ ತುಂಬಿತ್ತು. ಕೆಲಸ ಬಿಟ್ಟು ಬಂದ ತಾಯಂದಿರು, ಹಳೆಯ ವಿದ್ಯಾರ್ಥಿಗಳು, ಹಿಂದೆ ಗೋಡೆಗೆ ಒರಗಿ ನಿಂತ ಅದೇ ಹುಡುಗರು. ರುದ್ರಪ್ಪನವರು ಪೀಠಿಕೆ ಹಾಕಿ ನನ್ನ ಕಡೆ ನೋಡಿದರು.

ನನಗೆ ಭಾಷಣ ಬರುವುದಿಲ್ಲ. ಪಾಠ ಹೇಳುವಂತೆಯೇ ಹೇಳಿದೆ. "ನಮ್ಮಪ್ಪ ಇದೇ ಊರಲ್ಲಿ ಕಬ್ಬಿಣ ಕರಗಿಸಿದ್ರು. ಕೈ ತುಂಬ ಸುಟ್ಟ ಗಾಯ ಇತ್ತು. ಇಲ್ಲಿ ಬರೆದಿರೋ ಸಾಲು ನಿಜ ಆದ್ರೆ ಅವರು ಈ ಮಣ್ಣಿನ ಮಗ ಅಲ್ಲ. ನಾನು ಅದನ್ನ ಒಪ್ಪಲ್ಲ. ದೇಶಕ್ಕೆ ನಾನೂ ದಿನಾ ನಿಂತು ಗೌರವ ಕೊಡ್ತೀನಿ, ಮಕ್ಕಳಿಗೂ ಕಲಿಸ್ತೀನಿ. ದೇವ್ರ ವಿಷ್ಯ ಅವರವರ ಮನೇದು. ನಮ್ಮ ಶಾಲೇಲಿ ಯಾವ ಮಗುವೂ ಪಕ್ಕದೋರ ಕೈ ನೋಡ್ಕೊಂಡು ನಿಲ್ಲೋ ಹಾಗೆ ಆಗ್ಬಾರ್ದು."

ಹಿಂದಿನಿಂದ ಒಬ್ಬ ಕೂಗಿದ, "ಇವೆಲ್ಲ ನಾಟ್ಕ. ಶಿಲುಬೆ ಹಾಕ್ಸೋಕೆ ಜಾಗ ಖಾಲಿ ಮಾಡಿಸ್ತಿದ್ದಾರೆ!"

ಗದ್ದಲವಾಯಿತು. ಆಗ ಎಡಗಡೆಯ ಸಾಲಿನಿಂದ ಸಾಮುವೇಲಣ್ಣ ಎದ್ದರು. ಅವರು ಬಂದದ್ದನ್ನೇ ನಾನು ನೋಡಿರಲಿಲ್ಲ. ಶಿಲುಬೆ ಬೇಕು ಎಂದು ಅವರು ಇಲ್ಲೂ ಕೇಳಿದರೆ ನನ್ನ ಮಾತು ಅಲ್ಲಿಗೇ ಮುಗಿಯಿತು.

"ಲೋ, ಯಾವನೋ ಅದು?" ಎಂದು ಕ್ರೇನಿನ ಮೇಲಿಂದ ಕೂಗುವ ದನಿಯಲ್ಲೇ ಕೇಳಿದರು. "ಶಿಲುಬೆ ಕೇಳಿದ್ದು ಈಕೆ ಅಲ್ಲ, ನಾನು. ಕೊಡ್ತೀನಿ ಅಂದಿದ್ದು ರುದ್ರ. ಬೇಡ ಅಂದಿದ್ದೇ ಈಕೆ! ಆ ಸಿಟ್ಟಿಗೆ ನಾನು ಇವಳ ಜೊತೆ ತಿಂಗಳಿಂದ ಮಾತು ಬಿಟ್ಟಿದ್ದೀನಿ. ಸಂಡೇ ಸ್ಕೂಲಿಂದ ತೆಗೆಸಿದ್ದೀನಿ. ಬೇಕಾದ್ರೆ ನಮ್ಮ ಚರ್ಚಿಗೆ ಬಂದು ಕೇಳು. ಹೌದೋ ಅಲ್ವೋ ರುದ್ರ, ನೀನೇ ಹೇಳು."

ರುದ್ರಪ್ಪನವರು ತಲೆ ಕೆರೆದುಕೊಂಡರು. "ಹೌದು ಮಾರಾಯ. ನಾನು ಹಾಕ್ಸ್ತೀನಿ ಅಂದೆ, ಈ ಯಮ್ಮ ಬಿಡ್ಲಿಲ್ಲ."

ಯಾರೋ ಕಿಸಕ್ಕೆಂದು ನಕ್ಕರು, ಹೆಂಗಸರ ಕಡೆಯಿಂದ ನಗು ಹಬ್ಬಿತು. ಸಾಮುವೇಲಣ್ಣ ಮಾತ್ರ ನಗಲಿಲ್ಲ. ದನಿ ತಗ್ಗಿಸಿ, "ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಆದ್ರೆ ಸುಳ್ಳು ಕೇಳ್ಕೊಂಡು ಕೂರೋಕೆ ಆಗಲ್ಲ," ಎಂದು ಕುಳಿತರು. ಗೇಟಿನಲ್ಲಿ ನನ್ನನ್ನು ಪ್ರಶ್ನಿಸಿದ್ದ ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ.

ಗದ್ದಲ ಅಡಗಿದ ಮೇಲೆ ರುದ್ರಪ್ಪನವರು ಕೇಳಿದರು, "ಸರಿ, ಹಾಗಾದ್ರೆ ಈ ಗೋಡೆಗೆ ಏನು ಬರೆಸೋದು?" ಅಡಿಕೆ ಸುಲಿಯಲು ಹೋಗುವ ಒಬ್ಬ ತಾಯಿ ಕುಳಿತಲ್ಲಿಂದಲೇ, "ಹೊಳೆ ಬರೆಸಿ ಸಾರ್. ಇಲ್ಲಿರೋರೆಲ್ಲ ಅದೇ ನೀರು ಕುಡಿಯೋದು," ಎಂದಳು. ಹೆಂಗಸರೆಲ್ಲ ಹೌದು ಹೌದೆಂದರು, ರುದ್ರಪ್ಪನವರೂ ಆಗಲಿ ಎಂದರು. ಹಿಂದೆ ನಿಂತಿದ್ದವರಲ್ಲಿ ಇಬ್ಬರು ಗೊಣಗುತ್ತಾ ಹೊರಗೆ ಹೋದರು, ಉಳಿದವರು ನಿಂತೇ ಇದ್ದರು.

ಮಳೆ ಕಡಿಮೆಯಾಗುತ್ತಾ ಬಂದ ಆ ಎರಡು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಅತ್ಯಂತ ಹಿತವಾದ ದಿನಗಳು. ಇದ್ದಿಲಿನ ಗೆರೆಗಳನ್ನು ಕಲಾವಿದ ತಾನೇ ಕೈ ಮುಗಿದು ಅಳಿಸಿದ. ನಂತರ ಬೆಟ್ಟದಲ್ಲಿ ಹುಟ್ಟಿ, ನಮ್ಮೂರ ನಡುವೆ ಹಾದು, ಹೊಳೆಹೊನ್ನೂರು ದಾಟಿ ತುಂಗೆಯನ್ನು ಕೂಡುವವರೆಗೂ ಭದ್ರೆಯನ್ನು ಗೋಡೆಯುದ್ದಕ್ಕೂ ಬಿಡಿಸಿದ. ಮಕ್ಕಳು ಪಾಠ ಮುಗಿದೊಡನೆ ಅಲ್ಲಿಗೆ ಓಡುತ್ತಿದ್ದರು. ತಮ್ಮ ಬೀದಿ ಎಲ್ಲಿ, ತಮ್ಮಜ್ಜಿಯ ಊರು ಎಲ್ಲಿ ಎಂದು ತೋರಿಸಿ ಚುಕ್ಕಿ ಇಡಿಸುತ್ತಿದ್ದರು. ರುದ್ರಪ್ಪನವರು ಬಂದು ತಮ್ಮ ಹಳ್ಳಿಗೆ ಒಂದು ಚುಕ್ಕಿ ಇಡಿಸಿಕೊಂಡು ಹೋದರು. ನಸ್ರೀನ್ ನೀರಿನ ಭಾಗಕ್ಕೆ ನೀಲಿ ತುಂಬಲು ಹೋಗಿ ಯೂನಿಫಾರ್ಮಿನ ದುಪಟ್ಟಾ ಪೂರ್ತಿ ಹಾಳು ಮಾಡಿಕೊಂಡಳು. ಅವಳ ತಾಯಿ ಬಂದು ನನಗೇ ಬೈದಳು. ಆ ಬೈಗುಳ ಕೂಡ ನನಗೆ ಇಷ್ಟವಾಯಿತು.

ಚರ್ಚಿನಲ್ಲಿ ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ದಸರೆ ಕಳೆದ ಮೇಲೆ ಒಂದು ಭಾನುವಾರ ಸಾಮುವೇಲಣ್ಣ ಬಂದು ನಮ್ಮ ಬೆಂಚಿನ ತುದಿಯಲ್ಲಿ ಕುಳಿತರು. ಹಾಡು ಬಂದಾಗ ಎಂದಿನಂತೆ ಶ್ರುತಿ ತಪ್ಪಿ ಹಾಡಿದರು. ಹೊರಡುವಾಗ, "ಮುಂದಿನ ವಾರದಿಂದ ಮಕ್ಕಳಿಗೆ ನೀನೇ ಪಾಠ ಮಾಡು. ಈಗಿರೋರು ಬರೀ ಬೈತಾರೆ," ಎಂದರು. ಪಕ್ಕದಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ನವೆಂಬರಿನಲ್ಲಿ ಹೊಸ ಹೆಡ್‌ಮಾಸ್ಟರು ಬಂದರು, ನಾನು ಸಂತೋಷದಿಂದ ಕುರ್ಚಿ ಬಿಟ್ಟು ನನ್ನ ಪ್ರಯೋಗಶಾಲೆಗೆ ಮರಳಿದೆ.

ಆ ವರ್ಷದ ಕ್ರಿಸ್‌ಮಸ್ ದಿನ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತು ಕೇಕು ಹಂಚುತ್ತಿದ್ದಾಗ ಗೇಟಿನಲ್ಲಿ ರುದ್ರಪ್ಪನವರು ಕಂಡರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಸಾಮುವೇಲಣ್ಣ ಕರೆದಿದ್ದರಂತೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಒಳಗೆ ಬರ್ಬಹುದಾ ಮೇಡಂ? ಒಂದ್ಸಲಾನೂ ನೋಡಿಲ್ಲ," ಎಂದರು.

ಕರೆದುಕೊಂಡು ಹೋದೆ. ಖಾಲಿ ಬೆಂಚುಗಳ ನಡುವೆ ನಡೆದು ಅವರು ಮುಂದಿನವರೆಗೂ ಹೋಗಿ ನಿಂತರು. ನಮ್ಮ ಚರ್ಚಿನ ಶಿಲುಬೆ ದೊಡ್ಡದಲ್ಲ. ಕಾರ್ಖಾನೆಯ ಬಡಗಿಯೊಬ್ಬರು ಹಿಂದೆಂದೋ ಮಾಡಿಕೊಟ್ಟ ತೇಗದ ಮರದ್ದು. ಸುತ್ತ ಚೆಂಡುಹೂವು ಕಟ್ಟಿದ್ದೆವು.

"ನಾನು ಗೋಡೆ ಮೂಲೇಲಿ ಹಾಕ್ಸ್ತೀನಿ ಅಂದಿದ್ದು ಇದನ್ನೇ ಅಲ್ವಾ?"

"ಹೌದು ಸಾರ್."

ಅವರು ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ಯಾರೂ ಹೇಳದೆಯೇ, ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು, ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು, "ಇದು ಇಲ್ಲೇ ಇರ್ಲಿ ಬಿಡಿ ಮೇಡಂ. ಇಲ್ಲಿ ಕೈ ಮುಗೀಬೇಕು ಅನ್ಸುತ್ತೆ. ಅಲ್ಲಿ ಹಾಕಿದ್ರೆ ಮುಗೀಲೇಬೇಕಾಗ್ತಿತ್ತು."